ಗುಡಿಸಬೇಡ

ಗಲ್ಲಿ ಗುಡಿಸಬೇಡ ಅಂತ ಅಮ್ಮನಿಗೆ ಹೇಳುವ ಕೆಲಸ ಕಡ್ಡಿಯ ಪಾಲಿಗೆ ಬಂತು.

ಅಮ್ಮ ಆಗಷ್ಟೇ ಕೆಲಸದಿಂದ ಬಂದು ಹೊಸ್ತಿಲ ಮೇಲೆ ಕೂತಿದ್ದಳು. ಅಂಗಾಲಿನ ಬಿರುಕಿನೊಳಗೆ ಗಾಜಿನ ಚೂರು ಸೇರಿಕೊಂಡಿತ್ತು. ಪಿನ್ನಿನಿಂದ ಅದನ್ನು ಎಬ್ಬಿಸುತ್ತಿದ್ದಳು. ಮಗಳ ಮಾತು ಕೇಳಿದ ಮೇಲೂ ತಲೆ ಎತ್ತಲಿಲ್ಲ.

"ಯಾಕಂತೆ?"

"ಕಾಲೇಜಿನವರಿಗೆ ಎರಡು ಫೋಟೋ ಬೇಕಂತೆ. ಮೊದಲು ಗಲ್ಲಿ ಹೇಗಿತ್ತು, ಆಮೇಲೆ ಹೇಗಾಯ್ತು ಅಂತ. ಈಗ ಕ್ಲೀನಾಗಿದೆ. ಮೊದಲಿನ ಫೋಟೋಗೆ ಏನೂ ಇಲ್ಲ."

ಒಳಗೆ ಹಾಸಿಗೆ ಹಿಡಿದ ಅಜ್ಜಿಗೆ ಕೈಕಾಲು ಹೋಗಿದ್ದರೂ ಕಿವಿ ಮಾತ್ರ ಇನ್ನೂ ಪ್ರಾಯದ್ದು. "ಮದುವೆ ಗಂಡಿಗೂ ಇಷ್ಟು ಕಾಯಲ್ಲ ಫೋಟೋದವರು," ಅಂದಳು. "ಕಸಕ್ಕೆ ಕಾಯ್ತಾರಂತೆ."

ಅಮ್ಮ ನಗಲಿಲ್ಲ. ಚೂರು ಹೊರಗೆ ಬಂತು. ಅದನ್ನು ಬೆಳಕಿಗೆ ಹಿಡಿದು ನೋಡಿ, ಯಾರ ಕಾಲಿಗೂ ಸಿಗದ ಹಾಗೆ ಗೋಡೆಯ ಸಂದಿಗೆ ತುರುಕಿದಳು.

ಕಡ್ಡಿ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಸಣಕಲಾಗಿದ್ದಳು, ಅದಕ್ಕೇ ಆ ಹೆಸರು. ಹಾಜರಿ ಕೂಗುವಾಗ ಬಿಟ್ಟರೆ ಮೇಷ್ಟ್ರುಗಳ ಬಾಯಲ್ಲೂ ಅದೇ. ಪ್ರತಿ ಶನಿವಾರ ಊರಿನ ದೊಡ್ಡ ಕಾಲೇಜಿನಿಂದ ನೀಲಿ ಟೀಶರ್ಟಿನವರು ಅವಳ ಶಾಲೆಗೆ ಬರುತ್ತಿದ್ದರು. ಒಬ್ಬೊಬ್ಬರ ಕೈಗೆ ಇಬ್ಬಿಬ್ಬರು ಮಕ್ಕಳು. ಮಕ್ಕಳಿಗೆ ದಾರಿ ತೋರಿಸಬೇಕು, ಜೊತೆಗೆ ಅವರ ಕೈಯಲ್ಲಿ ಒಂದು ಸೇವಾ ಯೋಜನೆ ಮಾಡಿಸಬೇಕು. ಮಾಡಿಸದಿದ್ದರೆ ಕಾಲೇಜಿನವರಿಗೆ ಡಿಗ್ರಿ ಇಲ್ಲ. ಮಕ್ಕಳಿಗೆ ಬಿಸ್ಕೆಟ್ ಪೊಟ್ಟಣ, ಒಂದು ಚಪ್ಪಾಳೆ. ಈ ವರ್ಷ ಇನ್ನೊಂದು ಮಾತು ಸೇರಿತ್ತು. ಎಲ್ಲರಿಗಿಂತ ಚೆನ್ನಾಗಿ ಮಾಡಿದ ಒಂದು ಮಗುವನ್ನು ಕಾಲೇಜೇ ಓದಿಸುತ್ತದೆ. ಸೀಟು, ಹಾಸ್ಟೆಲ್, ಊಟ, ಪುಸ್ತಕ ಎಲ್ಲ ಅವರದ್ದೇ.

ಕಡ್ಡಿಗೆ ಆ ಸೀಟು ಬೇಕಿತ್ತು. ಬೇಕಿತ್ತು ಅನ್ನುವುದು ಸಣ್ಣ ಮಾತು. ಸೀಟು ಸಿಗದಿದ್ದರೆ ಏನು ಅನ್ನುವುದು ಆಗಲೇ ನಿಗದಿಯಾಗಿತ್ತು. ಅಮ್ಮನಂಥ ಬೀದಿ ಗುಡಿಸುವವರ ಮೇಲಿನ ಮೇಸ್ತ್ರಿ ದಾರಿಯಲ್ಲಿ ಸಿಕ್ಕಾಗಲೆಲ್ಲ ಕಡ್ಡಿಯನ್ನು ಮೇಲಿಂದ ಕೆಳಗೆ ನೋಡಿ, ಶಾಲೆ ಯಾವಾಗ ಮುಗಿಯುತ್ತೆ ಅಂತ ವಿಚಾರಿಸುತ್ತಿದ್ದ. ಅಜ್ಜಿ ಬಿದ್ದ ಮೇಲೆ ಅಮ್ಮ ಬಂದಳು, ಅಮ್ಮನಿಗೆ ಸೊಂಟ ಹೋದರೆ ನೀನು ಇದ್ದೀಯಲ್ಲ ಅನ್ನುತ್ತಿದ್ದ. ತಮಾಷೆ ಮಾಡುವವನ ಹಾಗೆ ಅನ್ನುತ್ತಿದ್ದ. ತಮಾಷೆ ಆಗಿರಲಿಲ್ಲ.

ಕಡ್ಡಿಗೆ ಸಿಕ್ಕಿದ ಅಕ್ಕ ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಅವಳಿಗೆ ಬೇಡ ಅನ್ನುವ ಕೆಲಸ ಸುಲಭವಾಗುತ್ತಿತ್ತು. ಕಾಲೇಜಿನ ಎರಡನೇ ವರ್ಷದವಳು. ಬೆಂಚಿನ ಮೇಲೆ ಪಕ್ಕದಲ್ಲೇ ಕೂತು ಬೀಜಗಣಿತ ಹೇಳಿಕೊಟ್ಟಳು. ತನ್ನ ಹಳೇ ಪುಸ್ತಕಗಳನ್ನು ತಂದುಕೊಟ್ಟಳು. ಕಡ್ಡಿಗೆ ಜ್ವರ ಬಂದಾಗ ಮೇಷ್ಟ್ರಿಗೆ ಫೋನ್ ಮಾಡಿ ವಿಚಾರಿಸಿದ್ದಳು. ಈ ಲೋಕದಲ್ಲಿ ಕಡ್ಡಿಯ ಜ್ವರ ವಿಚಾರಿಸಿದ ಹೊರಗಿನವಳು ಅವಳೊಬ್ಬಳೇ.

ನೀಲಿ ಟೀಶರ್ಟಿನವರಿಗೆಲ್ಲ ಒಬ್ಬ ಮುಂದಾಳು ಇದ್ದ. ಎಲ್ಲರೂ ಕ್ಯಾಪ್ಟನ್ ಅನ್ನುತ್ತಿದ್ದರು. ನಿಮ್ಮ ಏರಿಯಾದ ಸಮಸ್ಯೆ ಹೇಳಿ ಅಂತ ಮಕ್ಕಳನ್ನು ಕೇಳಿದ. ಒಬ್ಬ ಬೀದಿ ದೀಪ ಅಂದ. ಇನ್ನೊಬ್ಬಳು ನೀರು ಅಂದಳು. ಕಡ್ಡಿ, ನಮ್ಮ ಗಲ್ಲಿಯ ಚರಂಡಿಗೆ ಮುಚ್ಚಳ ಇಲ್ಲ, ಹೋದ ವರ್ಷ ಒಂದು ಮಗು ಬಿತ್ತು ಅಂದಳು. ಕ್ಯಾಪ್ಟನ್ ಎಲ್ಲವನ್ನೂ ಬೋರ್ಡಿನ ಮೇಲೆ ಬರೆದ. ಬರೆದು ಎಲ್ಲವನ್ನೂ ಅಳಿಸಿದ. ಇವೆಲ್ಲ ದೊಡ್ಡವರು ಮಾಡಬೇಕಾದ್ದು, ನಮಗೆ ಒಂದೇ ದಿನದಲ್ಲಿ ಮುಗಿಯುವಂಥದ್ದು ಬೇಕು ಅಂದ. ಆಮೇಲೆ ಅವನೇ ಹೇಳಿದ: "ಕಸ. ಕಸ ಬೆಸ್ಟ್. ಫೋಟೋದಲ್ಲಿ ಕಾಣುತ್ತೆ."

ಕಡ್ಡಿಯ ಗಲ್ಲಿ ಆಯ್ಕೆಯಾಯಿತು. ಕಾಲೇಜಿನ ವ್ಯಾನು ಅದರ ಬಾಯಿಯವರೆಗೂ ಬರುತ್ತಿತ್ತು, ಅದಕ್ಕೆ.

ಅವರು ನೋಡಲು ಬರುವ ದಿನ ಅಮ್ಮ ಎರಡು ಸಲ ಗುಡಿಸಿದ್ದಳು. ಚರಂಡಿಯ ಅಂಚನ್ನು ಸಲಿಕೆಯಿಂದ ಕೆರೆದು, ಬಿಂದಿಗೆಯಲ್ಲಿ ನೀರು ತಂದು ಹೊಯ್ದಿದ್ದಳು. ಮಗಳಿಗಾಗಿ ಕಾಲೇಜಿನವರು ಬರುತ್ತಾರೆ ಅಂತ. ಕ್ಯಾಪ್ಟನ್ ಗಲ್ಲಿಯ ಬಾಯಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ. "ಇದು ಕ್ಲೀನಾಗೇ ಇದೆಯಲ್ಲ," ಅಂದ. ಮೋಸ ಹೋದವನ ದನಿ. ಕಡ್ಡಿಗೆ ನಾಚಿಕೆಯಾಯಿತು. ತನ್ನ ಗಲ್ಲಿ ಗಲೀಜಾಗಿಲ್ಲ ಅಂತ ನಾಚಿಕೆ. ಆ ನಾಚಿಕೆಯನ್ನು ಅವಳು ಆಮೇಲೆ ಬಹಳ ಕಾಲ ತನ್ನ ಮೈಯಿಂದ ಉಜ್ಜಿ ತೆಗೆಯಬೇಕಾಯಿತು.

ಇಲ್ಲಿ ಗುಡಿಸುವವರು ಯಾರು ಅಂತ ಕ್ಯಾಪ್ಟನ್ ಕೇಳಿದ. ಕಡ್ಡಿ ಅಕ್ಕನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದಳು. ಅಕ್ಕನ ಮುಖ ಅರಳಿತು.

"ನಿಮ್ಮಮ್ಮನಾ? ಹಾಗಾದ್ರೆ ಸುಲಭ ಆಯ್ತಲ್ಲ. ಮುಂದಿನ ಶನಿವಾರದವರೆಗೆ ಗುಡಿಸೋದು ಬಿಡೋಕೆ ಹೇಳು."

ಅಮ್ಮ ತಾನಾಗಿ ಬಿಡುವ ಹಾಗಿರಲಿಲ್ಲ. ಮೇಸ್ತ್ರಿಯ ಹತ್ತಿರ ಹೋದಳು. ಅವನಿಗೆ ಕ್ಯಾಪ್ಟನ್ನಿಂದ ಆಗಲೇ ಫೋನ್ ಬಂದಿತ್ತು. ಕಾಲೇಜಿನವರು ಕೇಳಿದ್ದಾರೆ, ಆ ಗಲ್ಲಿ ಬಿಡು, ಅದರ ಬದಲು ಮಾರುಕಟ್ಟೆಯ ಹಿಂದಿನ ಚರಂಡಿಯ ಹೂಳು ಎತ್ತು ಅಂದ. ಗಲ್ಲಿ ಗುಡಿಸುವುದು ಒಂದು ತಾಸಿನ ಕೆಲಸ. ಚರಂಡಿ ಎತ್ತುವುದು ಅರ್ಧ ದಿನದ್ದು. ಅಮ್ಮ ಹೂಂ ಅಂದು ಬಂದಳು.

ಕಸ ಬೆಳೆಯತೊಡಗಿತು. ಮೊದಲ ದಿನ ಗೊತ್ತಾಗಲಿಲ್ಲ. ಆಮೇಲೆ ಗಾಳಿಗೆ ಹಾರಿ ಬಂದದ್ದು, ಮನೆಗಳಿಂದ ಬಿದ್ದದ್ದು, ನಾಯಿ ಎಳೆದು ತಂದದ್ದು ಗೋಡೆಯ ಬುಡಕ್ಕೆ ಸೇರಿಕೊಂಡಿತು. ನೊಣ ಬಂದವು. ಅಜ್ಜಿಯ ಮುಖದ ಮೇಲೆ ಕೂತವು. ಓಡಿಸಲು ಅಜ್ಜಿಗೆ ಕೈ ಏಳುತ್ತಿರಲಿಲ್ಲ. ಮೂಲೆಯ ಇಸ್ತ್ರಿಯವನು ಜಗಳಕ್ಕೆ ಬಂದ. ಇವಳ ಮಗಳು ದೊಡ್ಡ ಓದು ಓದುತ್ತಾಳಂತೆ, ಅದಕ್ಕೆ ನಾವೆಲ್ಲ ಮೂಗು ಮುಚ್ಚಿಕೊಂಡು ಬದುಕಬೇಕಂತೆ ಅಂತ ಗಲ್ಲಿಗೆಲ್ಲ ಕೇಳುವ ಹಾಗೆ ಬೈದ. ನಿನ್ನೆ ಮೊನ್ನೆಯವರೆಗೆ ಅಮ್ಮನನ್ನು ಅಕ್ಕಾ ಅನ್ನುತ್ತಿದ್ದವನು.

ಒಂದು ಬೆಳಿಗ್ಗೆ ಕಡ್ಡಿ ಕಿಟಕಿಯಿಂದ ನೋಡಿದಳು. ಅಮ್ಮ ಮಾರುಕಟ್ಟೆಗೆ ಹೊರಟಿದ್ದಳು. ಕಸದ ಪಕ್ಕ ಹೋಗುವಾಗ ಅವಳ ಬೆನ್ನು ತಾನಾಗಿ ಬಗ್ಗಿತು. ಕೈ ಒಂದು ಪ್ಲಾಸ್ಟಿಕ್ ಚೀಲ ಎತ್ತಿತು. ಆಮೇಲೆ ನೆನಪಾಗಿರಬೇಕು. ಸುತ್ತ ನೋಡಿದಳು. ಎತ್ತಿದ ಚೀಲವನ್ನು ಇದ್ದ ಜಾಗದಲ್ಲೇ, ಇದ್ದ ಹಾಗೇ ಇಟ್ಟು ಹೋದಳು.

ಶುಕ್ರವಾರ ಮಧ್ಯಾಹ್ನ ಕ್ಯಾಪ್ಟನ್ ಕ್ಯಾಮೆರಾ ಹಿಡಿದು ಬಂದ. ಜೊತೆಗೆ ಅಕ್ಕ. ಕಡ್ಡಿಯನ್ನು ಶಾಲೆಯಿಂದ ಅರ್ಧ ದಿನ ಬಿಡಿಸಿಕೊಂಡಿದ್ದರು. ಅವನಿಗೆ ಸಮಾಧಾನವಾಗಲಿಲ್ಲ. ಇಷ್ಟೇನಾ ಅಂದ. ಬಡವರ ಮನೆಯಲ್ಲಿ ಬಿಸಾಡುವುದಕ್ಕೆ ಎಷ್ಟಿರುತ್ತದೆ? ಸಿಪ್ಪೆ ಕೂಡ ಇನ್ನೊಂದು ಸಲ ಉಪಯೋಗಕ್ಕೆ ಬರುತ್ತದೆ. ಅವನು ಮೇಸ್ತ್ರಿಗೆ ಫೋನ್ ಮಾಡಿದ. ಸ್ವಲ್ಪ ಹೊತ್ತಿಗೆ ಅಮ್ಮ ಮಾರುಕಟ್ಟೆಯಿಂದ ತಳ್ಳುಗಾಡಿ ತುಂಬಿಸಿಕೊಂಡು ಬಂದಳು. ಕೊಳೆತ ತರಕಾರಿ, ಕೋಳಿಯ ಪುಕ್ಕ, ಕರುಳು. ಮೂಗು ಬಾಯಿಗೆ ಬಟ್ಟೆ ಸುತ್ತಿದ್ದಳು. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರಿತು. ಕಡ್ಡಿ ಓಡಿಹೋಗಿ ಹೆಗಲು ಕೊಟ್ಟಳು. ಕೊಳೆತ ನೀರು ಗಾಡಿಯ ತೂತಿನಿಂದ ಅವಳ ಬೂಟಿನೊಳಗೆ ಇಳಿಯಿತು. ಶಾಲೆಗೆ ಹಾಕುವ ಒಂದೇ ಜೊತೆ ಬೂಟು ಅದು.

ಅಮ್ಮ ತನ್ನದೇ ಬಾಗಿಲ ಎದುರು ಗಾಡಿ ಮಗುಚಿದಳು. ಸುರಿಯುವುದು ಅವಳ ಕೈಗೆ ರೂಢಿಯಿಲ್ಲದ ಕೆಲಸ. ಗಾಡಿ ಅಡ್ಡ ವಾಲಿತು. ಕ್ಯಾಪ್ಟನ್ ಕ್ಯಾಮೆರಾದಿಂದ ಕಣ್ಣು ತೆಗೆದ.

"ಅಮ್ಮಾ, ಇನ್ನೊಂದ್ಸಲ ಸುರೀರಿ. ಬೆಳಕು ಸರಿ ಬರಲಿಲ್ಲ."

ಒರಟಾಗಿ ಹೇಳಲಿಲ್ಲ. ಬಹುವಚನದಲ್ಲೇ ಹೇಳಿದ. ಅಮ್ಮ ಒಂದು ಗಳಿಗೆ ಅವನನ್ನೇ ನೋಡಿದಳು. ಸಲಿಕೆ ಮಾರುಕಟ್ಟೆಯಲ್ಲೇ ಉಳಿದಿತ್ತು. ಕುಕ್ಕರಗಾಲಲ್ಲಿ ಕೂತು ಎರಡೂ ಕೈಯಿಂದ ಬಾಚಿ ಬಾಚಿ ಗಾಡಿಗೆ ತುಂಬಿದಳು. ಕಡ್ಡಿಯೂ ಕೂತಳು. ಕರುಳು ಬೆರಳಿನಿಂದ ಜಾರುತ್ತಿತ್ತು. ತುಂಬಿ, ಗಾಡಿ ಹಿಂದಕ್ಕೆ ಎಳೆದು, ಅವನು ತೋರಿಸಿದ ಜಾಗದಲ್ಲಿ ನಿಂತು ಮತ್ತೆ ಸುರಿದಳು. ಗಲ್ಲಿಯವರು ಬಾಗಿಲಿಗೆ ಬಂದು ನೋಡಿದರು. ಒಬ್ಬಳು ಉಗಿದು ಬಾಗಿಲು ಹಾಕಿಕೊಂಡಳು. ಅಕ್ಕ ಮೂಗಿಗೆ ಕರವಸ್ತ್ರ ಒತ್ತಿಕೊಂಡು ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದಳು.

ಮರುದಿನ ಕೆಲಸ ಬೇಗ ಮುಗಿಯಿತು. ನೀಲಿಯವರು ಕೈಗವಸು ಹಾಕಿಕೊಂಡು ಸಾಲಾಗಿ ನಿಂತರು. ಶಾಲೆಯ ಮಕ್ಕಳ ಕೈಗೆ ಸಲಿಕೆ. ಕೈಗವಸು ಸಾಲಲಿಲ್ಲ. ಫೋಟೋದ ಚೌಕಟ್ಟಿನೊಳಗೆ ಬರುವಷ್ಟು ನೆಲ ಬೆಳ್ಳಗಾಯಿತು. ಉಳಿದ ರಾಶಿಯನ್ನು ವ್ಯಾನು ಹೋದ ಮೇಲೆ ಅಮ್ಮ ಒಬ್ಬಳೇ ಸಾಗಿಸಿದಳು.

ಅವತ್ತು ಕೈ ತೊಳೆಯುತ್ತಾ ಅಮ್ಮ ಮಗಳಿಗೆ ಹೇಳಿದಳು: "ಅವರು ಏನು ಹೇಳಿದ್ರೂ ಹೂಂ ಅನ್ನು. ನಂಗೆ ಇದೆಲ್ಲ ಏನೂ ಅಲ್ಲ. ಈ ಪೊರಕೆ ನಿನ್ನ ಕೈಗೆ ಬರಬಾರದು, ಅಷ್ಟೇ."

ವರ್ಷದ ಕೊನೆಗೆ ಕಾಲೇಜಿನ ಸಭಾಂಗಣದಲ್ಲಿ ಎಲ್ಲ ಯೋಜನೆಗಳ ಪ್ರದರ್ಶನ. ಒಂದೊಂದು ಫಲಕದ ಪಕ್ಕ ಒಂದೊಂದು ಮಗು ಕೋಲು ಹಿಡಿದು ನಿಂತು, ಬಂದವರಿಗೆ ವಿವರಿಸಬೇಕು. ಪ್ರದರ್ಶನ ಮುಗಿದ ಮೇಲೆ ಸೀಟಿನ ಹೆಸರು ಹೇಳುತ್ತಾರೆ. ಕಡ್ಡಿಯ ಹೆಸರೇ ಅಂತ ಅಕ್ಕ ಮೊದಲೇ ಕಿವಿಯಲ್ಲಿ ಹೇಳಿದ್ದಳು. ಆಡಬೇಕಾದ ಮಾತನ್ನೂ ಬಾಯಿಪಾಠ ಮಾಡಿಸಿದ್ದಳು.

ಫಲಕದ ಮೇಲಿನ ಬಟ್ಟೆ ತೆಗೆದಾಗ ಕಡ್ಡಿ ಎರಡು ಹೆಜ್ಜೆ ಹಿಂದೆ ಸರಿದಳು. ಆಳೆತ್ತರದ ಫೋಟೋ. ಅಮ್ಮ ಬಗ್ಗಿ ಗಾಡಿ ಮಗುಚುತ್ತಿದ್ದಾಳೆ. ಮುಖಕ್ಕೆ ಬಟ್ಟೆ, ಕಣ್ಣು ಮಾತ್ರ ಕಾಣುತ್ತದೆ. ಕರುಳು ಗಾಳಿಯಲ್ಲಿದೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಅರಿವಿಲ್ಲದ ನಿವಾಸಿ' ಅಂತ ಬರೆದಿತ್ತು. ಪಕ್ಕದ ಫೋಟೋದಲ್ಲಿ ಬೆಳ್ಳನೆ ನೆಲ, ನೀಲಿ ಟೀಶರ್ಟುಗಳು, ನಗು.

ಕಡ್ಡಿ ಅಕ್ಕನ ತೋಳು ಹಿಡಿದಳು. ಇದು ನಮ್ಮಮ್ಮ ಅಂದಳು. ಅಕ್ಕನಿಗೆ ಗೊತ್ತಿತ್ತು. ಬರೆದದ್ದು ತಾನಲ್ಲ ಅಂದಳು. ಬೇಡ ಅಂತ ಹೇಳಿದೆ, ಕ್ಯಾಪ್ಟನ್ ಕೇಳಲಿಲ್ಲ ಅಂದಳು. ಮುಖ ಕಾಣಲ್ಲವಲ್ಲ, ಇವತ್ತೊಂದು ದಿನ ತಡೆದುಕೋ, ಸೀಟು ಕೈಗೆ ಬರಲಿ ಅಂದಳು.

ಕಡ್ಡಿ ತಡೆದುಕೊಂಡಳು. ಜನ ಬಂದರು. ಅವಳು ಕೋಲು ಎತ್ತಿ ಅಮ್ಮನ ಬೆನ್ನಿನ ಮೇಲೆ ಇಟ್ಟು ಒಪ್ಪಿಸಿದಳು. ನಮ್ಮ ಗಲ್ಲಿಯ ಜನಕ್ಕೆ ಸ್ವಚ್ಛತೆಯ ಅರಿವಿರಲಿಲ್ಲ. ಮನೆಯ ಮುಂದೆಯೇ ಕಸ ಸುರಿಯುತ್ತಿದ್ದೆವು. ಕಾಲೇಜಿನ ಅಕ್ಕ ಅಣ್ಣಂದಿರು ಬಂದು ನಮ್ಮ ಕಣ್ಣು ತೆರೆಸಿದರು. ಜನ ಛೆ ಅಂದರು, ಮುಂದಕ್ಕೆ ಹೋದರು. ಮತ್ತೆ ಬೇರೆಯವರು. ಮತ್ತೆ ಕೋಲು. ಬಾಯಿ ಮಾತ್ರ ನಡೆಯುತ್ತಿತ್ತು.

ಹೀಗೇ ಒಂದು ಸಲ ಕೋಲು ಇಳಿಸುವಾಗ ಬಾಗಿಲಲ್ಲಿ ಅಮ್ಮ ಕಂಡಳು. ಮಕ್ಕಳ ಮನೆಯವರನ್ನೂ ಕರೆದಿದ್ದರು. ಅಮ್ಮ ಒಗೆದ ಬಟ್ಟೆ ಉಟ್ಟಿದ್ದಳು. ಯಾರೂ ಬಿಡಿ ಅನ್ನದಿದ್ದರೂ ಚಪ್ಪಲಿ ಹೊರಗೆ ಬಿಟ್ಟಿದ್ದಳು. ಫೋಟೋ ನೋಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ಆದರೆ ಮಗಳ ಮಾತು ಬಾಗಿಲವರೆಗೂ ಕೇಳಿತ್ತು. ಅಳಲಿಲ್ಲ. ಸಿಟ್ಟೂ ಮಾಡಲಿಲ್ಲ. ಬಲಗೈಯನ್ನು ಸೊಂಟದ ಮಟ್ಟದಲ್ಲೇ ಸ್ವಲ್ಪ ಆಡಿಸಿದಳು. ನಡೆಸು, ನಡೆಸು ಅಂತ.

ಆಗ ಊರಿನ ಹೆಲ್ತ್ ಇನ್‌ಸ್ಪೆಕ್ಟರ್ ಬಂದ. ಮುಖ್ಯ ಅತಿಥಿಗಳಲ್ಲಿ ಒಬ್ಬ, ಮೇಸ್ತ್ರಿಗಳಿಗೆಲ್ಲ ಮೇಲಿನವನು. ಕೈಯಲ್ಲಿ ಟೀ ಲೋಟ. ಕ್ಯಾಪ್ಟನ್ ಪಕ್ಕದಲ್ಲೇ ನಡೆದು ಬಂದ. ಕಡ್ಡಿ ಒಪ್ಪಿಸಲು ಶುರು ಮಾಡಿದ್ದಳು. ಇನ್‌ಸ್ಪೆಕ್ಟರ್ ಕೈಯೆತ್ತಿ ನಿಲ್ಲಿಸಿದ. ಫೋಟೋದ ಹತ್ತಿರ ಬಗ್ಗಿದ.

"ಈ ಗಾಡಿ ನಮ್ಮದಲ್ವಾ? ಬಣ್ಣ ನೋಡು, ನಮ್ಮದೇ. ಗುಡಿಸೋಕೆ ಅಂತ ಇಟ್ಕೊಂಡರೆ ತಂದು ಬೀದಿಗೆ ಸುರೀತಾಳೆ." ನಕ್ಕ. ನಗು ಅರ್ಧಕ್ಕೆ ನಿಂತಿತು. "ಯಾವ ಗಲ್ಲಿಯಪ್ಪ ಇದು? ಈ ಫೋಟೋ ನನಗೆ ಕಳಿಸು. ಯಾರು ಅಂತ ಹಿಡಿದು ಸೋಮವಾರವೇ ಮನೆಗೆ ಕಳಿಸ್ತೀನಿ."

ಕ್ಯಾಪ್ಟನ್ ಬಾಯಲ್ಲಿ ಒಂದು ಮಾತು ಸಾಕಿತ್ತು. ನಾವೇ ಹೇಳಿದ್ದು ಸರ್ ಅಂದಿದ್ದರೆ ಮುಗಿಯುತ್ತಿತ್ತು. ಅವನು ಗಲ್ಲಿಯ ಹೆಸರು ಹೇಳಿದ. ಕಳಿಸ್ತೀನಿ ಸರ್ ಅಂದ. ಅಕ್ಕ ಉಸಿರು ಎಳೆದುಕೊಂಡಳು, ಕ್ಯಾಪ್ಟನ್ ಕಡೆ ನೋಡಿದಳು, ಉಸಿರು ಬಿಟ್ಟಳು.

"ಅದು ನಮ್ಮಮ್ಮ," ಅಂದಳು ಕಡ್ಡಿ.

ಇನ್‌ಸ್ಪೆಕ್ಟರ್ ತಿರುಗಿದ.

"ಅವಳು ದಿನಾ ಗುಡಿಸ್ತಾಳೆ. ಗಲ್ಲಿ ಕ್ಲೀನಾಗಿತ್ತು. ಫೋಟೋ ಬರಲ್ಲ ಅಂತ ಇವರು ಗುಡಿಸೋದು ನಿಲ್ಲಿಸಿದ್ರು. ಗಾಡಿ ತಂದು ಸುರೀರಿ ಅಂದ್ರು. ಸುರಿದಳು. ಬೆಳಕು ಸರಿ ಇಲ್ಲ, ಇನ್ನೊಂದ್ಸಲ ಅಂದ್ರು. ಕೈಯಲ್ಲಿ ಬಾಚಿ ತುಂಬಿ ಮತ್ತೆ ಸುರಿದಳು. ನಾನೂ ಬಾಚಿದೆ."

ಸುತ್ತಲಿನ ನಾಲ್ಕು ಫಲಕಗಳ ಮಾತು ನಿಂತುಹೋಯಿತು. ಕ್ಯಾಪ್ಟನ್ ಮಗುವಿನ ಬೆನ್ನು ತಟ್ಟುವವನ ಹಾಗೆ ನಕ್ಕು, ಬೆಳಿಗ್ಗೆಯಿಂದ ನಿಂತು ಸುಸ್ತಾಗಿದೆ ಸರ್, ಏನೇನೋ ಹೇಳ್ತಿದಾಳೆ ಅಂದ. ನಿಮ್ಮಮ್ಮ ಎಲ್ಲಿ ಅಂತ ಇನ್‌ಸ್ಪೆಕ್ಟರ್ ಕೇಳಿದ. ಕಡ್ಡಿ ಬಾಗಿಲ ಕಡೆ ನೋಡಿದಳು. ಎಲ್ಲರೂ ನೋಡಿದರು. ಫೋಟೋದಲ್ಲಿದ್ದ ಕಣ್ಣು ಅಲ್ಲಿತ್ತು.

ಅಮ್ಮ ಬರಿಗಾಲಲ್ಲಿ ನಡೆದು ಬಂದಳು. ನುಣುಪು ನೆಲ. ಜಾರದ ಹಾಗೆ ಬೆರಳು ಊರಿ ಊರಿ ನಡೆದಳು. ಇನ್‌ಸ್ಪೆಕ್ಟರ್ ಎದುರು ನಿಂತಳು.

"ಏನಮ್ಮ, ಯಾರು ಹೇಳಿದ್ರು ನಿಂಗೆ ಸುರಿಯೋಕೆ?"

ಅಮ್ಮ ಕ್ಯಾಪ್ಟನ್‌ನನ್ನು ನೋಡಿದಳು. ಅಕ್ಕನನ್ನು ನೋಡಿದಳು. ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತ ದೊಡ್ಡವರನ್ನು ನೋಡಿದಳು. ಕೊನೆಗೆ ಮಗಳನ್ನು ನೋಡಿದಳು. ಬೆಳಿಗ್ಗೆ ಹಾಸಿಗೆ ಬಿಡಿಸಿ ಶಾಲೆಗೆ ಕಳಿಸುವಾಗ ನೋಡುತ್ತಿದ್ದಳಲ್ಲ, ಬಟ್ಟೆ ಸರಿಯಿದೆಯಾ, ತಲೆ ಬಾಚಿದೆಯಾ ಅಂತ, ಹಾಗೆ.

"ಯಾರೂ ಹೇಳಿಲ್ಲ ಸಾರ್. ಗಾಡಿ ಭಾರ ಆಯ್ತು, ನಾನೇ ಸುರಿದುಬಿಟ್ಟೆ. ಹುಡುಗಿಗೆ ಇದೇನೂ ಗೊತ್ತಿಲ್ಲ. ನನ್ನ ಉಳಿಸೋಕೆ ಏನೋ ಹೇಳ್ತಾಳೆ. ಅವಳನ್ನ ಏನೂ ಅನ್ಬೇಡಿ." ಆಮೇಲೆ ಮಗಳ ಕಡೆ ತಿರುಗಿ ದನಿ ಗಟ್ಟಿ ಮಾಡಿದಳು. "ದೊಡ್ಡವರ ಹತ್ರ ಸುಳ್ಳು ಹೇಳ್ತಾರಾ? ತಪ್ಪಾಯ್ತು ಅನ್ನು."

ಕ್ಯಾಪ್ಟನ್ ಮುಖಕ್ಕೆ ರಕ್ತ ಬಂತು. ನೋಡಿ ಸರ್ ಅಂದ.

ಕಡ್ಡಿಗೆ ಎಲ್ಲ ಅರ್ಥವಾಯಿತು. ಅಮ್ಮ ತನ್ನ ಕೆಲಸವನ್ನು ಎತ್ತಿ ಅವರ ಕಾಲ ಮುಂದೆ ಇಟ್ಟಿದ್ದಳು, ಮಗಳ ಸೀಟಿಗಾಗಿ. ತಪ್ಪಾಯ್ತು ಅಂದರೆ ಸೀಟು ಉಳಿಯುತ್ತದೆ. ಹಾಸ್ಟೆಲಿನ ಮಂಚ, ಪುಸ್ತಕ, ಎಲ್ಲ. ಅಮ್ಮ ಸೋಮವಾರ ಮನೆಗೆ. ನಿಜ ಹೇಳಿದರೆ ಸೀಟು ಹೋಗುತ್ತದೆ, ಅಮ್ಮನ ಕೆಲಸವೂ ಉಳಿಯುವುದಿಲ್ಲ, ಅವಳೇ ಒಪ್ಪಿಕೊಂಡಾಯಿತಲ್ಲ. ಒಂದು ಬಾಗಿಲನ್ನು ಇವರು ಮುಚ್ಚಿದ್ದರು. ಇನ್ನೊಂದನ್ನು ಅಮ್ಮ ತನ್ನ ಕೈಯಾರೆ ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದಳು.

"ಅನ್ನು, ಪ್ಲೀಸ್," ಅಂತ ಅಕ್ಕ ಕಿವಿಯ ಹತ್ತಿರ ಉಸುರಿದಳು.

"ಅಕ್ಕ, ನೀವು ಅಲ್ಲೇ ಇದ್ರಲ್ಲ."

ಅಕ್ಕನ ಕಣ್ಣಲ್ಲಿ ನೀರು ತುಂಬಿತು. ಬಾಯಿ ತೆರೆಯಲಿಲ್ಲ. ಅವಳಿಗೂ ಡಿಗ್ರಿ ಬೇಕಿತ್ತು.

ಕಡ್ಡಿ ತಪ್ಪಾಯ್ತು ಅನ್ನಲಿಲ್ಲ. ಇನ್‌ಸ್ಪೆಕ್ಟರ್ ಕಾಯಲೂ ಇಲ್ಲ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಸೋಮವಾರ ಆಫೀಸಿಗೆ ಬಾ ಅಂತ ಅಮ್ಮನಿಗೆ ಹೇಳಿ, ಟೀ ಲೋಟವನ್ನು ಫಲಕದ ಕೆಳಗಿನ ಹಲಗೆಯ ಮೇಲೆ ಇಟ್ಟು ಮುಂದೆ ಹೋದ. ನಿಂತಿದ್ದ ಮಾತುಗಳೆಲ್ಲ ಮತ್ತೆ ಶುರುವಾದವು. ಏನೂ ಆಗಿರಲಿಲ್ಲ. ಕಡ್ಡಿಯ ಕೈಯಿಂದ ಯಾವಾಗಲೋ ಕೆಳಗೆ ಬಿದ್ದಿದ್ದ ಕೋಲನ್ನು ಕ್ಯಾಪ್ಟನ್ ಎತ್ತಿ ಅವಳ ಕೈಗಿಟ್ಟ. ಪ್ರಿನ್ಸಿಪಾಲರೂ ಟ್ರಸ್ಟಿನವರೂ ಬರುತ್ತಿದ್ದಾರೆ, ಸೀಟು ಅವರ ಕೈಲಿದೆ, ನಾನು ಏನೂ ಹೇಳಿಲ್ಲ, ನೀನೂ ಏನೂ ಹೇಳಿಲ್ಲ, ಸರಿನಾ ಅಂತ ನಗುತ್ತಲೇ ಹೇಳಿದ.

ಅವರು ಬಂದರು. ಆರೆಂಟು ಜನ, ಮಾತಾಡಿಕೊಂಡು. ಒಬ್ಬ ಹೆಂಗಸು ಕನ್ನಡಕ ಏರಿಸಿ ಫೋಟೋ ನೋಡಿ, ಅಬ್ಬಾ, ಯಾರು ಮಗು ಇವಳು ಅಂತ ಕೇಳಿದಳು. ಅಮ್ಮ ಇನ್ನೂ ಹೋಗಿರಲಿಲ್ಲ. ಫೋಟೋದ ಪಕ್ಕದಲ್ಲೇ ನಿಂತಿದ್ದಳು. ಯಾರಿಗೂ ಕಾಣಲಿಲ್ಲ.

ಕಡ್ಡಿ ಕೋಲು ಎತ್ತಿದಳು.

"ಇವಳು ಈ ಗಲ್ಲಿಯನ್ನ ದಿನಾ ಬೆಳಿಗ್ಗೆ ಗುಡಿಸ್ತಾಳೆ," ಅಂದಳು. "ನಮ್ಮ ಅಜ್ಜಿಯೂ ಗುಡಿಸ್ತಿದ್ದಳು. ಈ ಕಸ ನಮ್ಮದಲ್ಲ."

ಕ್ಯಾಪ್ಟನ್ ಕೈ ಚಾಚಿ ಫಲಕದ ಮೇಲೆ ಬಟ್ಟೆ ಎಳೆಯಲು ಬಂದ. ಅವಳು ದನಿ ಏರಿಸಲಿಲ್ಲ. ಯಾರು ಗುಡಿಸಬೇಡ ಅಂದರು, ಯಾರು ತಂದು ಸುರಿಯಲು ಹೇಳಿದರು, ಎಷ್ಟು ಸಲ ಸುರಿಸಿದರು, ಬಾಯಿಪಾಠ ಒಪ್ಪಿಸಿದ ದನಿಯಲ್ಲೇ ಒಂದೊಂದಾಗಿ ಹೇಳತೊಡಗಿದಳು. ಕನ್ನಡಕದ ಹೆಂಗಸು ಕ್ಯಾಪ್ಟನ್ ಮುಖ ನೋಡಿದಳು. ಪ್ರಿನ್ಸಿಪಾಲರು ಗಡಿಯಾರ ನೋಡಿದರು. ಅಮ್ಮ ಮುಂದೆ ನುಗ್ಗಿ ಬಂದಳು. ಬಾಯಿ ಮುಚ್ಚೇ, ಹಾಳು ಮಾಡ್ಕೋಬೇಡ್ವೇ ಅಂತ ಹಲ್ಲು ಕಚ್ಚಿ ಅನ್ನುತ್ತಾ, ಪೊರಕೆ ಹಿಡಿದು ಗಂಟುಗಟ್ಟಿದ ಕೈಯಿಂದ ಮಗಳ ಮಣಿಕಟ್ಟು ತಿರುವಿ ಕೋಲು ಕಿತ್ತುಕೊಂಡಳು.

ಕಡ್ಡಿ ಮಾತು ನಿಲ್ಲಿಸದೆ ಫೋಟೋದ ಕಡೆ ಬೆರಳು ಎತ್ತಿದಳು.